ಎಲ್ಲ ಸೆಲ್ಲಿಗೂ ಆಗುವ ಡಬ್ಬಿ

ನಮ್ಮ ಕಡೆ ಬ್ಯಾಟ್ರಿ ಅಂದರೆ ಟಾರ್ಚು. ಅದರೊಳಗೆ ಹಾಕುವುದು ಸೆಲ್ಲು. ನೀವು ಮಕ್ಕಳು ಸೆಲ್ಲಿಗೇ ಬ್ಯಾಟರಿ ಅನ್ನುತ್ತೀರಿ. ಮೊದಮೊದಲು ನನಗೆ ಗೊಂದಲವಾಗುತ್ತಿತ್ತು, ಈಗ ರೂಢಿಯಾಗಿದೆ. ಆದರೆ ಈ ಒಂದು ಪದದ ದೆಸೆಯಿಂದ ನಾನು ಒಮ್ಮೆ ಶ್ರೀರಂಗಪಟ್ಟಣದಿಂದ ಬೇಡದ ಸಾಮಾನು ಹೊತ್ತು ತಂದಿದ್ದೆ. ಅದನ್ನು ನಿಮಗೆ ಹೇಳಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿದೆ. ಬಾಯಲ್ಲಿ ಹೇಳಲು ಕೂತರೆ ನಿಮ್ಮಮ್ಮ ನಡುವೆ ಬಂದು ಅವಳೇ ಹೇಳಿ ಮುಗಿಸಿಬಿಡುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಳ್ಳಿ. ನನ್ನ ಓದು ಊರಿನ ಶಾಲೆಯಲ್ಲಿ ಏಳನೇ ತರಗತಿಗೆ ನಿಂತದ್ದು.

ನೀವು ಹುಟ್ಟುವ ಹೊತ್ತಿಗೆ ನಿಮ್ಮ ತಾತ ಇರಲಿಲ್ಲ. ಅವರು ಹೇಗಿದ್ದರು ಅಂತ ಕೇಳಿದಾಗಲೆಲ್ಲ ನಾನು ಫೋಟೋ ತೋರಿಸುತ್ತೇನೆ. ಫೋಟೋದಲ್ಲಿ ಅಂಗಿಯ ಜೇಬು ಉಬ್ಬಿದೆ, ಅಲ್ಲಿಂದ ಒಂದು ವೈರು ಕಿವಿಗೆ ಹೋಗಿದೆ. ಅದು ಕಿವಿ ಮಿಷನ್ನು.

ನಮ್ಮೂರು ಕ್ಯಾತನಹಳ್ಳಿಯ ಪಕ್ಕ. ಸುತ್ತ ಕಬ್ಬು. ನಮ್ಮ ಮನೆಯವರು ದಾಯಾದಿಗಳ ಜೊತೆ ಸೇರಿ ಒಂದು ಆಲೆಮನೆ ನಡೆಸುತ್ತಿದ್ದರು. ಕಬ್ಬು ಅರೆಯುವ ಗಾಣಕ್ಕೆ ಡೀಸೆಲ್ ಇಂಜಿನ್ನು. ಅದರ ಪಕ್ಕದಲ್ಲೇ ನಿಂತು ಇವರು ಇಪ್ಪತ್ತು ವರ್ಷ ಗಾಣಕ್ಕೆ ಕಬ್ಬು ಕೊಟ್ಟರು. ಇಂಜಿನ್ನಿನ ಸದ್ದು ಅವರ ಕಿವಿಯನ್ನು ನಿಧಾನವಾಗಿ ತಿಂದುಹಾಕಿತು. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ ಈ ಮಿಷನ್ನು ಕೊಡಿಸಿದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಒಳಗೆ ಒಂದು ಪೆನ್ಸಿಲ್ ಸೆಲ್ಲು. ಮೇಲ್ಗಡೆ ತಿರುಗಿಸುವ ಒಂದು ಸಣ್ಣ ಚಕ್ರ, ಅದರಲ್ಲೇ ಶುರು, ಅದರಲ್ಲೇ ಬಂದ್.

ಆಗಿನ ಕಾಲದಲ್ಲಿ ಹುಡುಗರು ಜೇಬಿನ ರೇಡಿಯೋದಲ್ಲಿ ವೈರು ಹಾಕಿಕೊಂಡು ಕ್ರಿಕೆಟ್ ಕೇಳುತ್ತಿದ್ದರು. ಪಾಂಡವಪುರದ ಬಸ್ಸಿನಲ್ಲಿ ಇವರನ್ನು ಕಂಡವರೆಲ್ಲ ಒಂದೇ ಪ್ರಶ್ನೆ ಕೇಳುವರು:

"ಅಣ್ಣೋ, ಸ್ಕೋರೆಷ್ಟಾಯ್ತು?"

ಇವರು ಮುಖದಲ್ಲಿ ನಗುವೇ ಇಲ್ಲದೆ, "ನಾನು ಔಟಾಗಿ ಎರಡ್ ವರ್ಸ ಆಯ್ತು ಕಣ್ಲಾ," ಅನ್ನುತ್ತಿದ್ದರು.

ಹೊರಗೆ ಇಷ್ಟು ಮಾತು. ಮನೆಯ ಹೊಸ್ತಿಲು ದಾಟುತ್ತಿದ್ದ ಹಾಗೆ ಚಕ್ರ ತಿರುಗಿಸಿ ಮಿಷನ್ನು ಬಂದ್ ಮಾಡುತ್ತಿದ್ದರು. ಸೆಲ್ಲು ಉಳಿಯಲಿ ಅಂತ. ಊರ ಚಿಲ್ಲರೆ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಹಳೇ ಸೆಲ್ಲು. ಹಾಕಿದ ನಾಲ್ಕು ದಿನಕ್ಕೆ ಸೊರಗುತ್ತಿತ್ತು. ಡೈರಿಗೆ ಹೋದಾಗ, ಸೊಸೈಟಿಗೆ ಹೋದಾಗ, ನಾಲ್ಕು ಜನರ ನಡುವೆ ಪೆದ್ದನಂತೆ ಕೂರಬಾರದು ಎಂಬುದು ಅವರ ಲೆಕ್ಕ.

ಒಂದು ದಿನ ನಾನು ಕೈಸನ್ನೆ ಮಾಡಿ, ಯಾಕೆ ಬಂದ್ ಮಾಡಿದಿರಿ ಎಂದೆ.

"ನಿನ್ ಮಾತು ನಂಗೆ ಗೊತ್ತಿಲ್ವಾ? ಅದುಕ್ಯಾಕೆ ಸೆಲ್ಲು ದಂಡ?" ಎಂದರು.

ಪ್ರೀತಿಯಿಂದಲೇ ಹೇಳಿದ್ದು. ಆದರೂ ಆ ದಿನ ನನಗೆ ಊಟ ಸೇರಲಿಲ್ಲ.

ನಾನು ನಾಗಮಂಗಲದ ಕಡೆಯವಳು. ಹೆಂಗಸಿನ ದನಿ ಜಗಲಿ ದಾಟಬಾರದು ಎಂಬ ಮನೆಯಲ್ಲಿ ಬೆಳೆದವಳು. ಗಂಡನ ಹೆಸರನ್ನು ಹೇಳುವ ಹಾಗಿರಲಿಲ್ಲ, ಕೂಗಿ ಕರೆಯುವ ಹಾಗೂ ಇರಲಿಲ್ಲ. ಮದುವೆಯಾದಾಗಿನಿಂದ ನಾನು ಅವರನ್ನು ಕರೆದದ್ದು ಬಳೆಯಿಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಸಲ ಕೈ ಅಲ್ಲಾಡಿಸಿದರೆ ಊಟಕ್ಕೆ, ಎರಡು ಸಲ ಅಲ್ಲಾಡಿಸಿದರೆ ಸ್ವಲ್ಪ ಒಳಗೆ ಬನ್ನಿ ಅಂತ. ಜಗಲಿಯಿಂದ "ಬಂದೆ" ಎಂಬ ದನಿ ಬರುತ್ತಿತ್ತು. ಕಿವಿ ಹೋದ ಮೇಲೆ ಅದೂ ಹೋಯಿತು. ಎಷ್ಟು ಅಲ್ಲಾಡಿಸಿದರೂ ಅವರು ಬೀದಿ ನೋಡುತ್ತಾ ಕೂತಿರುವರು.

ನಮ್ಮ ಅತ್ತೆಯವರ ಗಂಟಲಿಗೆ ಮಾತ್ರ ಯಾವ ಮಿಷನ್ನೂ ಬೇಕಿರಲಿಲ್ಲ. ಅವರು ಕೂಗಿದರೆ ಮಗನಿಗೆ ಹಾಗೇ ಕೇಳುತ್ತಿತ್ತು. ಹಾಗಾಗಿ ನಾನು ಗಂಡನಿಗೆ ಏನು ಹೇಳಬೇಕಾದರೂ ಅತ್ತೆಗೆ ಹೇಳಬೇಕಾಯಿತು, ಅತ್ತೆ ಮಗನಿಗೆ ಹೇಳುವರು, ಮಗನ ಜೊತೆಗೆ ಇಡೀ ಬೀದಿಯೂ ಕೇಳುವುದು. ಒಮ್ಮೆ ನನಗೆ ಮಂಡಿ ನೋವು ಬಂದಿತ್ತು. ಮೆಲ್ಲಗೆ ಅತ್ತೆಯ ಕಿವಿಗೆ ಹಾಕಿದೆ.

"ಲೋ! ನಿನ್ ಹೆಂಡ್ರುಗೆ ಮಂಡಿ ನೋವಂತೆ ಕಣ್ಲಾ! ಕೂತ್ರೆ ಏಳಕ್ಕಾಯಕ್ಕಿಲ್ವಂತೆ!"

ಸಂಜೆಯೊಳಗೆ ಮೂರು ಮನೆಯಿಂದ ಎಣ್ಣೆ ಬಂತು. ಒಬ್ಬಾಕೆ ಈರುಳ್ಳಿ ತಂದು ಬಿಸಿ ಮಾಡಿ ಕಟ್ಟಿ ಹೋದಳು. ಅವತ್ತೇ ನಾನು ಅಂದುಕೊಂಡದ್ದು, ಇನ್ನು ಮೇಲೆ ಹೇಳುವುದೇ ಬೇಡ ಅಂತ. ಹೀಗೆ ನನ್ನ ಮಾತು ಒಂದೊಂದೇ ಒಳಗೇ ಉಳಿಯುತ್ತಾ ಹೋಯಿತು. ದೊಡ್ಡ ಗುಟ್ಟೇನೂ ಅಲ್ಲ. ಮಗಳಿಗೆ, ಅಂದರೆ ನಿಮ್ಮಮ್ಮನಿಗೆ, ಲೆಕ್ಕದ ಪಾಠ ಕಷ್ಟವಾಗಿದೆ, ನನಗೆ ತವರಿನ ಕನಸು ಬಿತ್ತು, ಕರೀ ಹಸು ಇವತ್ತು ನನ್ನ ಕೈ ನೆಕ್ಕಿತು, ಇಂಥವು. ಬೀದಿಗೆ ಕೂಗಿ ಹೇಳುವಂಥ ಮಾತಲ್ಲ ಅವು.

ಆ ವರ್ಷ ಕೆ.ಆರ್. ಪೇಟೆಯಲ್ಲಿದ್ದ ನಮ್ಮಣ್ಣನ ಮನೆಗೆ ಹೋಗಿದ್ದೆ. ಅಲ್ಲಿ ಗೋಡೆಗೆ ಚುಚ್ಚಿದ್ದ ಒಂದು ಪುಟ್ಟ ಡಬ್ಬಿಯಲ್ಲಿ ಎರಡು ಪೆನ್ಸಿಲ್ ಸೆಲ್ಲು ಮಲಗಿದ್ದವು. ಮೇಲೆ ಕೆಂಪು ದೀಪ. ಅಣ್ಣನ ಮಗನ ಟೇಪ್ ರೆಕಾರ್ಡರಿಗಂತೆ. "ಇದಕ್ಕೆ ಅಂತಲೇ ಬೇರೆ ಸೆಲ್ಲು ಬತ್ತದೆ ಕಣಮ್ಮಿ. ಮುಗುದ್ರೆ ತಿರುಗಾ ತುಂಬ್ಕೋತದೆ, ಬಿಸಾಕಂಗೇ ಇಲ್ಲ," ಎಂದ ಅಣ್ಣ. ನಾನು ಆ ಕೆಂಪು ದೀಪವನ್ನು ನೋಡುತ್ತಾ ನಿಂತೆ. ಅತ್ತಿಗೆ ಕಾಫಿ ತಂದಿಟ್ಟದ್ದೂ ಗೊತ್ತಾಗಲಿಲ್ಲ. ಮುಗಿಯದ ಸೆಲ್ಲು ಇದ್ದರೆ ಇವರು ಮನೆಯೊಳಗೂ ಮಿಷನ್ನು ಬಂದ್ ಮಾಡುವುದಿಲ್ಲ ಎನ್ನುವುದಷ್ಟೇ ತಲೆಯಲ್ಲಿ ತುಂಬಿತ್ತು.

ಪಾಂಡವಪುರದ ಅಂಗಡಿಗಳಲ್ಲಿ ವಿಚಾರಿಸಿದಾಗ, ಅಂಥದ್ದು ಪಟ್ಟಣದಲ್ಲಿ ಸಿಗುತ್ತದೆ ಎಂದರು. ಪಟ್ಟಣವೆಂದರೆ ನಮಗೆ ಶ್ರೀರಂಗಪಟ್ಟಣ. ಅಮಾವಾಸ್ಯೆಗೆ ನಮ್ಮ ಬೀದಿಯ ಹೆಂಗಸರು ಸಂಗಮದ ಸ್ನಾನಕ್ಕೆ ಹೊರಟಾಗ ನಾನೂ ಹೊರಟೆ. ಸ್ನಾನ ಮುಗಿಸಿ ಪಟ್ಟಣದೊಳಕ್ಕೆ ಬಂದು, ಒದ್ದೆ ಸೀರೆಯ ಗಂಟು ಹಿಡಿದು ಎಲ್ಲರೂ ಬಸ್ಸಿಗೆ ಕಾಯುತ್ತಿದ್ದಾಗ, ಈಗ ಬಂದೆ ಎಂದು ಹೇಳಿ ಒಬ್ಬಳೇ ಪೇಟೆ ಬೀದಿಗೆ ನಡೆದೆ. ರೇಡಿಯೋ ರಿಪೇರಿಯ ಒಂದು ಅಂಗಡಿ ಕಂಡಿತು. ಸಾಬರ ಅಂಗಡಿ. ನಾಲ್ಕು ಜನ ಗಂಡಸರು ನಿಂತಿದ್ದರು. ಎಲ್ಲರೂ ತಿರುಗಿ ನೋಡಿದರು.

"ಏನ್ ಬೇಕಕ್ಕಾ?"

ಬಸ್ಸಿನಲ್ಲಿ ಬರುವಾಗ ಹತ್ತು ಸಲ ಬಾಯಿಪಾಠ ಮಾಡಿಕೊಂಡಿದ್ದ ಮಾತು ಎಲ್ಲಿ ಹೋಯಿತೋ. ಅಂಗಡಿಯ ಹಲಗೆಯ ಮೇಲೆ ಬ್ಯಾಟರಿ ಎಂದು ಬರೆದದ್ದು ಕಂಡಿತು. ಸೆಲ್ಲು ಎಂದರೆ ಹಳ್ಳಿ ಮಾತಾಯಿತೇನೋ, ಪಟ್ಟಣದಲ್ಲಿ ಬ್ಯಾಟ್ರಿ ಅನ್ನಬೇಕೇನೋ ಅನ್ನಿಸಿಬಿಟ್ಟಿತು.

"ಬ್ಯಾಟ್ರಿ... ಚಾರ್ಜ್ ಮಾಡದು," ಎಂದೆ.

"ಚಾರ್ಜಿಂಗ್ ಬ್ಯಾಟ್ರಿನಾ? ಅರೆ, ಫಸ್ಟ್ ಕ್ಲಾಸ್ ಮಾಲ್ ಐತೆ!"

ಒಂದು ಕೆಂಪು ಟಾರ್ಚು ತಂದು ಮುಂದಿಟ್ಟರು. ಹಿಂಭಾಗ ತಿರುಗಿಸಿ ಎಳೆದರೆ ಎರಡು ಪಿನ್ನು ಹೊರಗೆ ಬಂದವು. "ಸೆಲ್ಲೇ ಬೇಡಕ್ಕಾ. ಗೋಡೆಗೆ ಚುಚ್ಚಿದ್ರೆ ಮುಗೀತು. ನೋಡಿ ಬೆಳಕು!" ಎಂದು ನನ್ನ ಮುಖದ ಮೇಲೇ ಬಿಟ್ಟರು. ಆ ನಾಲ್ವರಲ್ಲಿ ಒಬ್ಬರು ನಕ್ಕರು.

ಇದಲ್ಲ ಎಂದು ನನಗೆ ಚೆನ್ನಾಗಿ ಗೊತ್ತಾಯಿತು. ಇದಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಅತ್ತ ಬಸ್ಸು ಬಂತೆಂದು ನಮ್ಮವರು ಕೂಗುತ್ತಿದ್ದರು. ಸೆರಗಿನ ಗಂಟು ಬಿಚ್ಚಿ ಹಣ ಕೊಟ್ಟು, ಟಾರ್ಚು ತೆಗೆದುಕೊಂಡು ಬಂದುಬಿಟ್ಟೆ. ದಾರಿಯುದ್ದಕ್ಕೂ ಅದು ಒದ್ದೆ ಸೀರೆಯ ಕೆಳಗೆ ನನ್ನ ತೊಡೆಗೆ ಒತ್ತುತ್ತಿತ್ತು.

ಮನೆಗೆ ಬಂದು ಇವರ ಮುಂದೆ ಇಟ್ಟೆ. "ತಪ್ಪಾಗೋಯ್ತು, ನಾ ಕೇಳಕ್ಕೋಗಿದ್ದೇ ಬೇರೆ," ಎಂದೆ. ಮಿಷನ್ನು ಬಂದ್ ಆಗಿತ್ತು. ಅವರ ಕಣ್ಣೆಲ್ಲ ಟಾರ್ಚಿನ ಮೇಲೆ.

"ಅಯ್ಯೋ ಇವ್ಳೇ! ಚಾರ್ಜ್ ಬ್ಯಾಟ್ರಿನಾ? ನಾ ಮನಸ್ನಲ್ಲಿ ಅಂದ್ಕೊಂಡಿದ್ದುನ್ನ ತಂದ್ಬುಟ್ಟಿದ್ದೀಯಲ್ಲಾ!"

"ಅಲ್ಲ, ಇದಲ್ಲ..."

"ಊಂ, ಊಂ, ಭಾರೀ ಚೆಂದಾಗದೆ!" ಎಂದು ಹೊಗಳಿದರು. ಹೊಗಳಿಕೆ ಕೇಳಿ ನನಗೆ ಅಳು ಬಂತು. ಖುಷಿಗೆ ಅಂದುಕೊಂಡು ಅವರು ಇನ್ನಷ್ಟು ಹೊಗಳಿದರು. ಸಂಜೆ ಹಾಲು ಹಾಕಲು ಹೋದಾಗ ಅದನ್ನೂ ಡೈರಿಗೆ ಒಯ್ದು ಎಲ್ಲರಿಗೂ ತೋರಿಸಿ ಬಂದರು. ಇನ್ನೂ ಹೊತ್ತು ಮುಳುಗಿರಲಿಲ್ಲ.

ಮಾರನೇ ಬೆಳಿಗ್ಗೆ ಹಾಲು ಕರೆದು ಬಂದೆ. ಜಗಲಿಯಲ್ಲಿ ಕೂತು ಟಾರ್ಚಿನ ಗಾಜು ಒರೆಸುತ್ತಿದ್ದರು. ಅತ್ತೆ ಕಂಬಕ್ಕೆ ಒರಗಿ ಎಲೆಯಡಿಕೆ ಕುಟ್ಟುತ್ತಿದ್ದರು. ಅಲ್ಲಿಯವರೆಗೆ ನಾನು ಅತ್ತೆಯ ಎದುರಿಗೆ ಗಂಡನ ಮೈ ಮುಟ್ಟಿದವಳಲ್ಲ. ಆವತ್ತು ಹೇಗೆ ಧೈರ್ಯ ಬಂತೋ, ಹೋಗಿ ಅವರ ಜೇಬಿಗೆ ಕೈ ಹಾಕಿ ಚಕ್ರ ತಿರುಗಿಸಿದೆ. ಚೇಳು ಕುಟುಕಿದ ಹಾಗೆ ಬೆಚ್ಚಿದರು. ಕೇಳಿಸುವ ಬಿರಡೆ ಕಿವಿಯಲ್ಲಿದ್ದರೂ ಮಾತು ಹಿಡಿಯುವುದು ಜೇಬಿನಲ್ಲಿರುವ ಡಬ್ಬಿ. ಮೆಲ್ಲಗೆ ಹೇಳಬೇಕಾದರೆ ಅದರ ಹತ್ತಿರವೇ ಹೇಳಬೇಕು. ಬಗ್ಗಿ, ಜೇಬಿಗೆ ಬಾಯಿಟ್ಟು ಹೇಳಿದೆ.

"ನಾ ಕೇಳಕ್ಕೋಗಿದ್ದು ಬ್ಯಾಟ್ರಿ ಅಲ್ಲ. ಸೆಲ್ಲು ಚಾರ್ಜ್ ಮಾಡೋ ಡಬ್ಬಿ. ನಿಮ್ ಮಿಷನ್ನಿಗೆ. ನಾಚ್ಕೆಗೆ ಬಾಯ್ ಬುಡ್ದೆ ಇದ್ನ ತಂದ್ಬುಟ್ಟೆ."

ಅವರು ಟಾರ್ಚು ಕೆಳಗಿಟ್ಟರು. "ನನ್ ಕಿವಿ ಒಂದಕ್ಕೆ ಅಷ್ಟೆಲ್ಲಾ ಯಾಕೆ? ಹೊರಗಡಿಕೆ ಇರದೇ ಸಾಕಾಯ್ತದೆ."

"ಒಳಗಡಿಕೆ ಸಾಕಾಯ್ತಿಲ್ವಲ್ಲ."

ಅವರು ನನ್ನ ಮುಖ ನೋಡಿದರು. ಅತ್ತೆಯವರ ಕುಟ್ಟಾಣಿ ನಿಂತಿತು.

"ಇದೇನವ್ವ, ಎದೆಗೆ ಬಾಯಿಟ್ಟು ಪಿಸುಗುಡ್ತಾವ್ಳೆ! ಮಗಳು ಮದ್ವೆಗೆ ಬಂದವ್ಳೆ, ಇವ್ರದ್ದು ಈಗ ಶುರುವಾಯ್ತು!"

ನನಗೆ ನಾಚಿಕೆಯಾಯಿತು. ಆದರೂ ಕದಲಲಿಲ್ಲ. ನಿಮ್ಮ ತಾತ ತನಗಾಗಿ ಒಂದು ಟವೆಲನ್ನೂ ಕೊಳ್ಳದ ಮನುಷ್ಯ. ಅವರಿಗೊಬ್ಬರಿಗೆ ಎಂದರೆ ಒಪ್ಪುವುದಿಲ್ಲ ಎಂದು ಗೊತ್ತಿತ್ತು. ಅದಕ್ಕೇ ಹೇಳಿಬಿಟ್ಟೆ: "ನಿಮಗೊಬ್ರಿಗಲ್ಲ. ಮನೇಲಿರೋ ಬ್ಯಾಟ್ರಿ ಸೆಲ್ಲಿಗೂ ಆಯ್ತದೆ, ರೇಡಿಯೋದಕ್ಕೂ ಆಯ್ತದೆ, ಗಡಿಯಾರದ್ದಕ್ಕೂ ಆಯ್ತದೆ."

ಅಂಥ ಡಬ್ಬಿ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅಣ್ಣನ ಮನೆಯದು ಪೆನ್ಸಿಲ್ ಸೆಲ್ಲಿಗೆ ಮಾತ್ರ.

"ಮನೆಗೆ ಅಂದ್ರೆ ಸರಿ ಬುಡು," ಎಂದರು. ಟಾರ್ಚನ್ನು ಇನ್ನೊಮ್ಮೆ ಒರೆಸಿ, ಉರಿಸಿ ನೋಡಿ, ರಟ್ಟಿನ ಪೆಟ್ಟಿಗೆಯೊಳಗೆ ಇಟ್ಟು ನನ್ನ ಕೈಗೆ ಕೊಟ್ಟರು. "ಒಂದಿನ ನಂದಾಗಿತ್ತು, ಸಾಕು."

ಎರಡನೇ ಸಲ ಒಬ್ಬಳೇ ಹೋದೆ. ಜೊತೆಯಿಲ್ಲದೆ ಬಸ್ಸು ಹತ್ತಿದ್ದು ಅದೇ ಮೊದಲು. ಮಾತು ಕೈಕೊಟ್ಟರೆ ಇರಲಿ ಅಂತ ಹಳೇ ಟಾರ್ಚಿನ ದೊಡ್ಡ ಸೆಲ್ಲು, ರೇಡಿಯೋದ ಮಧ್ಯದ ಸೆಲ್ಲು, ಮಿಷನ್ನಿನ ಪೆನ್ಸಿಲ್ ಸೆಲ್ಲು, ಮೂರನ್ನೂ ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡಿದ್ದೆ. ಅಂಗಡಿಯ ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿದೆ.

"ಈ ಮೂರುನ್ನೂ ಚಾರ್ಜ್ ಮಾಡೋ ಡಬ್ಬಿ ಬೇಕು. ಟಾರ್ಚು ವಾಪಸ್ ತಕಳಿ. ತಪ್ಪು ನಂದೇಯ."

ಸಾಬರು ನನ್ನನ್ನೂ ಸೆಲ್ಲನ್ನೂ ನೋಡಿ ನಕ್ಕರು. "ಅವತ್ತೇ ಹಿಂಗೆ ಬಾಯಿ ಬಿಟ್ಟಿದ್ರೆ ಬಸ್ ಚಾರ್ಜ್ ಉಳೀತಿತ್ತಲ್ಲಕ್ಕಾ!" ಟಾರ್ಚನ್ನು ಉರಿಸಿ ನೋಡಿ, ಮರುಮಾತಾಡದೆ ಪಕ್ಕಕ್ಕಿಟ್ಟರು. ಆ ಒಳ್ಳೆಯತನ ನನಗೆ ಈಗಲೂ ನೆನಪಿದೆ.

ಮೊದಲು ಒಂದು ಬಿಳೀ ಡಬ್ಬಿ ತೋರಿಸಿದರು, ಅಣ್ಣನ ಮನೆಯದರ ಹಾಗೆ. ಕಿವಿ ಮಿಷನ್ನಿನ ವಿಷಯ ಹೇಳಿದೆ. "ಹಂಗಾದ್ರೆ ಇದೇ ತಗೊಳ್ಳಿ. ಪೆನ್ಸಿಲ್ ಸೆಲ್ಲಿಗೆ ಇದೇ ಸರಿ, ಬೇಗಾನೂ ಆಗ್ತದೆ," ಎಂದರು. ನಂತರ ಅಟ್ಟದ ಮೇಲಿಂದ ಧೂಳು ಕೊಡವಿ ಇನ್ನೊಂದು ಇಳಿಸಿದರು. ಕಪ್ಪು ಬಣ್ಣ, ಮೇಲೆ ಮುಚ್ಚಳ, ಒಳಗೆ ನಾಲ್ಕು ಗುಳಿ. ಪ್ರತಿ ಗುಳಿಯಲ್ಲೂ ಒಂದು ಸ್ಪ್ರಿಂಗು ಹಿಂದೆ ಮುಂದೆ ಸರಿಯುತ್ತಿತ್ತು. ನನ್ನ ಮೂರು ಸೆಲ್ಲನ್ನೂ ಒಂದಾದ ಮೇಲೆ ಒಂದು ಇಟ್ಟು ತೋರಿಸಿದರು. ದೊಡ್ಡದೂ ಕೂತಿತು, ಸಣ್ಣದೂ ಕೂತಿತು.

"ಆದ್ರೆ ಇದು ನಿಧಾನ ಅಕ್ಕಾ. ಸಾಯಂಕಾಲ ಹಾಕಿದ್ರೆ ಬೆಳಿಗ್ಗೆ ತೆಗೀಬೇಕು. ಜೋಡೀಲೇ ಹಾಕ್ಬೇಕು, ಒಂಟಿ ಹಾಕಿದ್ರೆ ಆಗಲ್ಲ."

ನಾನು ಎರಡನ್ನೂ ಕೈಯಲ್ಲಿ ತೂಗುತ್ತಾ ನಿಂತೆ. ಕಿವಿಗೆ ಬೇಕಾದದ್ದು ಬಿಳೀ ಡಬ್ಬಿಯೇ. ಆದರೆ ಅದು ಗೋಡೆಯ ಮೇಲಿದ್ದರೆ, ನೋಡಿದಾಗಲೆಲ್ಲ ಇವರಿಗೆ ತನ್ನ ಕಿವುಡಿಗೆ ಆದ ದಂಡವೇ ಕಾಣುತ್ತದೆ. ನಾಲ್ಕು ದಿನಕ್ಕೆ ಮತ್ತೆ ಹೊಸ್ತಿಲಲ್ಲಿ ಬಂದ್ ಮಾಡುತ್ತಾರೆ. ಕಪ್ಪು ಡಬ್ಬಿಯಾದರೆ ಮನೆಯದು. ಟಾರ್ಚಿನ ಸೆಲ್ಲಿನ ಪಕ್ಕದಲ್ಲಿ ಕಿವಿಯ ಸೆಲ್ಲೂ ಒಂದು ಮೂಲೆಯಲ್ಲಿ ಮಲಗಿರುತ್ತದೆ, ಯಾರೂ ಅದನ್ನು ಎತ್ತಿ ಆಡುವುದಿಲ್ಲ.

"ದೊಡ್ದು ಸಣ್ದು ಒಟ್ಟಿಗೆ ಹಾಕ್ಬೋದಾ?" ಎಂದೆ. ಆಗಬಹುದು, ಆದರೆ ಸಣ್ಣದು ಮೊದಲು ತುಂಬಿಕೊಳ್ಳುತ್ತದೆ ಎಂದರು. ಕರೆಂಟು ಹೋದರೆ? ಹಾಗೇ ಬಿಟ್ಟಿರಿ, ಬಂದ ಮೇಲೆ ಮತ್ತೆ ಶುರುವಾಗುತ್ತದೆ. ತಲೆಕೆಳಗು ಹಾಕಿದರೆ? ಮಾಮೂಲಿ ಸೆಲ್ಲು ಹಾಕಿದರೆ?

"ಅದು ಮಾತ್ರ ಮಾಡ್ಬೇಡಿ, ಸೆಲ್ಲು ಒಡೆದು ನೀರು ಬಿಡ್ತದೆ. ಅಲ್ಲಕ್ಕಾ, ಅವತ್ತು ಮಾತೇ ಇಲ್ಲ, ಇವತ್ತು ವಕೀಲರ ಥರಾ ಕೇಳ್ತೀರಲ್ಲ!"

ನಾನೂ ನಕ್ಕೆ. ಕಪ್ಪು ಡಬ್ಬಿ, ಎರಡು ಜೋಡಿ ಪೆನ್ಸಿಲ್ ಚಾರ್ಜ್ ಸೆಲ್ಲು, ಟಾರ್ಚಿಗೆ ಒಂದು ಜೋಡಿ ದೊಡ್ಡದು, ಇಷ್ಟು ತಂದೆ. ರೇಡಿಯೋದ್ದು ಮುಂದೆ ನೋಡೋಣ ಅಂತ.

ಸೆಲ್ಲಿನ ಮೂಗು, ಅದೇ ಉಬ್ಬಿದ ತುದಿ, ಯಾವ ದಿಕ್ಕಿಗೆ ಬರಬೇಕೆಂದು ನಿಮ್ಮಮ್ಮ ಡಬ್ಬಿಯ ಒಳಗೆ ಉಗುರುಬಣ್ಣದಲ್ಲಿ ಗುರುತು ಹಾಕಿಕೊಟ್ಟಳು. ಗಂಟೆ ನೋಡುವ ತಾಪತ್ರಯವೇ ನನಗೆ ಬೇಕಾಗಲಿಲ್ಲ. ಸಂಜೆ ಹಾಲು ಕರೆದು ಬಂದು ಹಾಕುವುದು, ಬೆಳಿಗ್ಗೆ ಹಾಲು ಕರೆದು ಬಂದು ತೆಗೆಯುವುದು. ಹಸುವಿನ ಹೊತ್ತು ಸೆಲ್ಲಿಗೂ ಸರಿಹೋಯಿತು. ಒಮ್ಮೆ ಮಾತ್ರ ಸೆಲ್ಲು ಕಾಣೆಯಾದವು. ಮನೆಯೆಲ್ಲ ಹುಡುಕಿದೆವು. ನೋಡಿದರೆ ಮಾಳಿಗೆಯ ಮೇಲೆ, ಮೊರದಲ್ಲಿ, ಸಂಡಿಗೆಯ ನಡುವೆ ಬಿಸಿಲು ಕಾಯುತ್ತಿದ್ದವು. ಸೊರಗಿದ ಸೆಲ್ಲನ್ನು ಬಿಸಿಲಿಗಿಟ್ಟು ಜೀವ ಬರಿಸುವುದು ನಮ್ಮೂರಿನ ಹಳೇ ಪದ್ಧತಿ.

"ಸೂರ್ಯ ಪುಕ್ಸಟ್ಟೆ ಕೊಡ್ತಾವ್ನೆ, ಕರೆಂಟ್ ಯಾಕವ್ವ ದಂಡ?" ಎಂದರು ಅತ್ತೆ.

ಮೊದಲ ದಿನದ ಸಂಗತಿ ಹೇಳುತ್ತೇನೆ. ಬೆಳಿಗ್ಗೆ ತೆಗೆದ ಸೆಲ್ಲು ಕೈಯಲ್ಲಿ ಬೆಚ್ಚಗಿತ್ತು, ಆಗ ತಾನೇ ಇಟ್ಟ ಮೊಟ್ಟೆಯ ಹಾಗೆ. ಅದನ್ನು ಮಿಷನ್ನಿಗೆ ಹಾಕಿಕೊಂಡು ಗದ್ದೆಗೆ ಹೋದರು. ಮಧ್ಯಾಹ್ನ ವಾಪಸ್ ಬಂದಾಗ ನಾನು ಬಾಗಿಲ ಸಂದಿಯಿಂದ ಅವರ ಕೈಯನ್ನೇ ನೋಡುತ್ತಿದ್ದೆ. ಹೊಸ್ತಿಲಿಗೆ ಬಂದರು. ರೂಢಿಯಂತೆ ಕೈ ಜೇಬಿಗೆ ಹೋಯಿತು. ನಿಂತಿತು. ಕೆಳಗಿಳಿಯಿತು. ಮಿಷನ್ನು ಹಾಗೇ ಇತ್ತು.

ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತರು. "ಸ್ವಲ್ಪ ಸದ್ದು ಮೆತ್ತಗದೆ, ಆದ್ರೂ ಕೇಳ್ತದೆ. ಈಗ ಮಾತಾಡು," ಎಂದರು.

ಎರಡು ವರ್ಷದ ಮಾತು ಒಳಗಿತ್ತು. ಒಂದೂ ನೆನಪಾಗಲಿಲ್ಲ. ಕೊನೆಗೆ, "ಕಾಪಿಗೆ ಬೆಲ್ಲ ಸಾಕಾ?" ಎಂದೆ.

"ಸಾಕು," ಎಂದರು. ಆಮೇಲೆ ನಗು ತಡೆಯಲಾರದೆ, "ಇದ್ನ ಕೇಳಕ್ಕಾ ಎರಡ್ ಸಲ ಪಟ್ಣಕ್ಕೋಗಿದ್ದು?" ಎಂದರು. ನಾನೂ ನಕ್ಕೆ. ಲೋಟ ಕೆಳಗಿಟ್ಟು ಅವರೇ ಮತ್ತೆ ಹೇಳಿದರು: "ನೀ ಏನೇಳಿದ್ರೂ ಊಂ ಊಂ ಅಂತಿದ್ನಲ್ಲ, ಒಂದೂ ಕೇಳ್ತಿರ್ಲಿಲ್ಲ. ನಿನ್ ಮಾತು ನಂಗೆ ಗೊತ್ತು ಅಂದಿದ್ದು ಸುಳ್ಳು ಕಣೇ."

"ನಂಗೆ ಗೊತ್ತಿತ್ತು," ಎಂದೆ, ಜೇಬಿಗೆ.

ಆಮೇಲಾಮೇಲೆ ಮಾತು ಬಂತು. ಮಗಳ ಲೆಕ್ಕದ ಪಾಠ, ನನ್ನ ತವರಿನ ಕನಸು, ಕರೀ ಹಸು, ಎಲ್ಲ. ತೀರಾ ಹತ್ತಿರ ಬಗ್ಗಿದರೆ ಮಿಷನ್ನು ಕುಂಯ್ ಎಂದು ಸಿಳ್ಳೆ ಹಾಕುವುದು. ಸಿಳ್ಳೆ ಕೇಳಿದ ಕೂಡಲೇ ಜಗಲಿಯಿಂದ ಅತ್ತೆ ಕೆಮ್ಮುವರು. ಒಂದು ದಿನ ರೊಟ್ಟಿ ತಟ್ಟುತ್ತಿದ್ದೆ, ಕೈಯ ಹಿಟ್ಟು ಕೊಡವಿದೆ ಅಷ್ಟೆ. ಕರೆಯಬೇಕೆಂದು ಬಳೆ ಅಲ್ಲಾಡಿಸಿದ್ದಲ್ಲ. ಜಗಲಿಯಿಂದ ದನಿ ಬಂತು:

"ಬಂದೆ."

ಬಂದರು. ಏನು ಎಂದು ಕೇಳಿದರು. ಏನೂ ಇಲ್ಲ, ಕೂತ್ಕಳಿ ಎಂದೆ. ರೊಟ್ಟಿ ಮುಗಿಯುವವರೆಗೂ ಕೂತಿದ್ದರು.

ಕಪ್ಪು ಡಬ್ಬಿ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ನಿಮ್ಮಮ್ಮ ಹಾಕಿದ ಉಗುರುಬಣ್ಣದ ಗುರುತು ಅಳಿಸಿಲ್ಲ. ಹೋದ ಸಲ ಬಂದಾಗ ನಿಮ್ಮಲ್ಲಿ ಚಿಕ್ಕವಳು ಕೇಳಿದಳಲ್ಲ, ಅಜ್ಜಿ ಯಾಕೆ ಮಾತಾಡುವಾಗ ಮುಖ ನೋಡುವುದಿಲ್ಲ, ಅಂಗಿಯ ಜೇಬು ನೋಡುತ್ತಾಳೆ ಅಂತ. ನಾಚಿಕೆ ಎಂದು ನಿಮ್ಮಮ್ಮ ಹೇಳಿದಳು. ನಾಚಿಕೆಯೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ಮಾತು ಕಲಿತದ್ದು ಅಲ್ಲಿ ನೋಡಿಕೊಂಡು.